ಜಪಾನಿನ ಹಗ್ಗ

ಫಿಟ್ಸ್ ಬರುವವನ ಮನೆ ಮುಂದೆ ರೇಸಿನ ಕಾರು ನಿಲ್ಲಬಾರದು ಎಂದು ಬಾಯಿಬಿಟ್ಟು ಹೇಳಿದವಳು ನನ್ನ ಹೆಂಡತಿ. ಡಾಕ್ಟರೂ ಅದನ್ನೇ ಹೇಳಿದ್ದರು. ಆದರೆ ಅವರು ಮೆತ್ತಗೆ, ಅರ್ಧ ಇಂಗ್ಲಿಷಿನಲ್ಲಿ ಹೇಳಿದ್ದರಿಂದ ನನಗೆ ನಾಟಿರಲಿಲ್ಲ. ಇವಳು ಅಂಗಳದ ಮಧ್ಯೆ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದಳು.

"ಅದು ಇಲ್ಲಿರೋಗಂಟ ನೀವು ಓಡಿಸ್ದೆ ಇರಲ್ಲ. ಓಡಿಸಿದ್ರೆ ನೀವೂ ಸಾಯ್ತೀರ, ಎದುರಿಗೆ ಬಂದೋರ್ನೂ ಸಾಯಿಸ್ತೀರ. ಮಾರಿಬಿಡ್ರಿ."

ಮಾತು ನಿಜವಾಗಿತ್ತು, ಅದಕ್ಕೇ ನನಗೆ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ಸ್ಪ್ಯಾನರನ್ನು ಗೋಡೆಗೆ ಎಸೆದೆ. ಅವಳು ಅದನ್ನು ಎತ್ತಿ, ಒರೆಸಿ, ಅದರ ಜಾಗದಲ್ಲಿಟ್ಟು ಒಳಗೆ ಹೋದಳು. ಸಿಟ್ಟು ನನ್ನ ಹುಟ್ಟುಗುಣ. ಆಮೇಲೆ ಆದದ್ದರಲ್ಲಿ ಅರ್ಧ ಪಾಲು ಆ ಸಿಟ್ಟಿನದೇ.

ಬೆಂಗಳೂರಿನ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ನಾನು ಹನ್ನೊಂದು ವರ್ಷ ಮೆಕ್ಯಾನಿಕ್ ಆಗಿದ್ದೆ. ಅದರ ಹಿತ್ತಿಲಲ್ಲಿ ಟಾರ್ಪಾಲಿನ ಕೆಳಗೆ ಜಪಾನಿನ ಸ್ಪೋರ್ಟ್ಸ್ ಕಾರೊಂದು ಕೊಳೆಯುತ್ತಿತ್ತು. ಎರಡೇ ಬಾಗಿಲು, ಬಿಳಿ ಬಣ್ಣ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಯಾರೋ ಸಾಹುಕಾರ ಹಡಗಿನಲ್ಲಿ ತರಿಸಿ, ಎರಡು ವರ್ಷ ಮೆರೆದು, ಎಂಜಿನ್ ಜಾಮ್ ಆದ ಮೇಲೆ ಬಿಡಿಭಾಗ ಸಿಗದೆ ಕೈಬಿಟ್ಟಿದ್ದ. ನಾನು ಕೆಲಸ ಬಿಟ್ಟು ಊರಿಗೆ ಬರುವಾಗ ಅದನ್ನು ಕೊಂಡುಕೊಂಡು ಲಾರಿಯ ಮೇಲೆ ಹಾಕಿಸಿಕೊಂಡು ಬಂದೆ. ಕುಂದಾಣದ ಹತ್ತಿರದ ನಮ್ಮೂರಿನ ಜನ ಮೂಗಿನ ಮೇಲೆ ಬೆರಳಿಟ್ಟರು. "ಹನ್ನೊಂದು ವರ್ಷ ದುಡಿದು ತಂದಿದ್ದು ಇದಾ!" ಎಂದರು. ಊರವರ ಬಾಯಲ್ಲಿ ಅದರ ಹೆಸರು ಜಪಾನು ಅಂತಲೇ ಆಯಿತು.

ಆಗ ವಿಮಾನ ನಿಲ್ದಾಣ ಶುರುವಾಗಿ ಎರಡು ವರ್ಷ ಆಗಿತ್ತೇನೋ. ದೇವನಹಳ್ಳಿ ಕಡೆಯ ರಸ್ತೆಯ ತುಂಬ ಟ್ಯಾಕ್ಸಿಗಳು. ಅವನ್ನು ರಿಪೇರಿ ಮಾಡಿಕೊಂಡೇ ಬದುಕಬಹುದು ಎಂಬ ಲೆಕ್ಕಾಚಾರದ ಮೇಲೆ ನಾನು ಊರಿಗೆ ಬಂದದ್ದು. ಜಾಗವೂ ಸಿದ್ಧವಿತ್ತು, ನಮ್ಮ ಕೊಟ್ಟಿಗೆ. ಸುತ್ತಲಿನ ಹೊಲಗಳಲ್ಲಿ ಲೇಔಟಿನ ಕಲ್ಲು ನೆಟ್ಟು ಮೇವಿಗೆ ಜಾಗವಿಲ್ಲದಂತಾಗಿ, ಅಪ್ಪ ಹಸುಗಳನ್ನು ಒಂದೊಂದಾಗಿ ಮಾರಿದ್ದ. ಜೋಡೆತ್ತು ಮಾತ್ರ ಉಳಿದಿದ್ದವು. ನಾನು ಬಂದ ತಿಂಗಳು ಅವನ್ನೂ ನಮ್ಮ ತಾಲೂಕಿನದೇ ಆದ ಚನ್ನರಾಯಪಟ್ಟಣದ ಕಡೆಯ ಒಬ್ಬ ರೈತನಿಗೆ ಕೊಟ್ಟ.

ಆ ವ್ಯಾಪಾರ ನಾನು ಕಣ್ಣಾರೆ ನೋಡಿದ್ದೆ. ಮಾತು ಮುಗಿದ ಮೇಲೆ ಅಪ್ಪ ಎತ್ತುಗಳ ಕೊರಳಿನ ಹಗ್ಗ ಬಿಚ್ಚಿಕೊಂಡ. ಕೊಂಡವನು ತನ್ನ ಹೆಗಲ ಮೇಲಿದ್ದ ಹೊಸ ಹಗ್ಗ ಹಾಕಿ ಹೊಡೆದುಕೊಂಡು ಹೋದ. ನಮ್ಮ ಕಡೆ ಇದು ವಾಡಿಕೆ. ದನ ಮಾರಬಹುದು, ಹಗ್ಗ ಮಾರಬಾರದು. ಹಗ್ಗವನ್ನೂ ಕೊಟ್ಟರೆ ದನದ ಜೊತೆ ಮನೆಯ ಲಕ್ಷ್ಮಿಯೂ ಹೊರಟುಹೋಗುತ್ತಾಳೆ ಎಂದು ನಂಬಿಕೆ. ಕೊಳ್ಳುವವನಿಗೂ ಇದು ಗೊತ್ತಿರುತ್ತದೆ, ಅವನೇ ಹಗ್ಗ ತರುತ್ತಾನೆ, ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅಪ್ಪ ಆ ಹಗ್ಗಗಳನ್ನು ಕೊಟ್ಟಿಗೆಯ ಒಳಗೋಡೆಯ ಗೂಟಕ್ಕೆ, ಹಿಂದೆ ಮಾರಿದ ಹಸುಗಳ ಹಗ್ಗಗಳ ಜೊತೆಗೆ ನೇತುಹಾಕಿದ. ಆ ಕೊಟ್ಟಿಗೆಯೇ ನನ್ನ ಶೆಡ್ ಆಯಿತು.

ಹಗಲು ಟ್ಯಾಕ್ಸಿ, ಸಂಜೆ ಜಪಾನು. ನಾಲ್ಕು ವರ್ಷ ಹಿಡಿಯಿತು. ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿದೆ, ಮೊದಲಿದ್ದ ಟರ್ಬೊ ತೆಗೆದು ದೊಡ್ಡದು ಹಾಕಿದೆ. ಅಪ್ಪ ಬೀಡಿ ಸೇದುತ್ತ ಬಾಗಿಲಲ್ಲಿ ಕೂತಿರುತ್ತಿದ್ದ. ಅವನ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಟರ್ಬೊ ಅಂದರೇನು ಎಂದು ಕೇಳಿದ. ಎಂಜಿನ್ನಿನ ಹೊಗೆಯ ರಭಸದಿಂದಲೇ ಒಂದು ಫ್ಯಾನು ತಿರುಗುತ್ತೆ, ಅದು ಎಂಜಿನ್ನಿಗೆ ಗಾಳಿ ತುರುಕುತ್ತೆ, ಗಾಳಿ ಹೆಚ್ಚಾದರೆ ಬಲ ಹೆಚ್ಚುತ್ತೆ ಎಂದೆ.

"ಹೆಚ್ಚಾಗ್ತಾನೇ ಹೋದ್ರೆ?"

"ಒಡೆದುಹೋಗುತ್ತೆ. ಅದಕ್ಕೆ ಹೊಗೆ ಬೇರೆ ಕಡೆ ಹೋಗೋ ಹಂಗೆ ಒಂದು ಮುಚ್ಚಳ ಇರುತ್ತೆ. ಯಾವಾಗ ತೆಗೀಬೇಕು ಅಂತ ಆ ಮುಚ್ಚಳಕ್ಕೆ ತಿಳಿಸೋದು ಈ ಪೈಪು."

ಬೆರಳಿಗಿಂತ ತೆಳ್ಳಗಿನ, ಒಂದು ಗೇಣುದ್ದದ ಕೆಂಪು ರಬ್ಬರ್ ಪೈಪು ಅದು. ಟರ್ಬೊ ಸರಿಹೊಂದಿಸುವಾಗ ನಾನು ಅದನ್ನು ನೂರು ಸಲ ಬಿಚ್ಚಿ ಹಾಕಿದ್ದೆ. ಅಪ್ಪನಿಗೆ ಅರ್ಥವಾಗಲಿಲ್ಲ, ಮತ್ತೆ ಕೇಳಿದ. ನನಗೆ ರೇಗಿತು.

"ಅಯ್ಯೋ, ಎತ್ತಿಗೆ ಹಗ್ಗ ಇದ್ದಂಗೆ ಕಣಪ್ಪಾ! ಇದಿದ್ರೆ ಕೈಗೆ ಸಿಗುತ್ತೆ, ಇಲ್ದಿದ್ರೆ ಇಲ್ಲ. ಸಾಕಾ?"

ಅಪ್ಪನಿಗೆ ಸಾಕಾಯಿತು. ತಲೆಯಾಡಿಸಿ ಬೀಡಿ ಹಚ್ಚಿಕೊಂಡ.

ಕಾರು ಎದ್ದು ನಿಂತ ಮೇಲಿನ ಆರು ತಿಂಗಳು ನನ್ನ ಬಾಳಿನ ಒಳ್ಳೆಯ ದಿನಗಳು. ಭಾನುವಾರ ಬೆಳಗ್ಗೆ ಬೆಂಗಳೂರಿನ ಹುಡುಗರು ದುಬಾರಿ ಕಾರು ತಂದು ಏರ್‌ಪೋರ್ಟ್ ರಸ್ತೆಯ ಪಕ್ಕ ಟೀ ಕುಡಿಯಲು ಸೇರುತ್ತಿದ್ದರು. ನಾನೂ ಹೋಗುತ್ತಿದ್ದೆ, ಮಾಸಿದ ಪ್ಯಾಂಟಿನಲ್ಲೇ. ಬಾನೆಟ್ ಎತ್ತಿದರೆ ಎಲ್ಲರೂ ಮುತ್ತಿಕೊಳ್ಳುತ್ತಿದ್ದರು. "ಯಾರು ಮಾಡಿದ್ದು ಗುರು?" ಎಂದು ಕೇಳುವವರು. "ಇದೇ ಕೈ" ಎನ್ನುತ್ತಿದ್ದೆ. ಜಂಬ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಫಿಟ್ಸ್ ಮೊದಲು ಬಂದದ್ದು ಊಟಕ್ಕೆ ಕೂತಾಗ, ಎರಡನೆಯ ಸಲ ಒಂದು ಟ್ಯಾಕ್ಸಿಯ ಕೆಳಗೆ ಮಲಗಿ ಕೆಲಸ ಮಾಡುವಾಗ. ಅವೆರಡಕ್ಕಿಂತ ನನ್ನನ್ನು ಹೆದರಿಸಿದ್ದು ಇನ್ನೊಂದು. ನಡುನಡುವೆ ನಾನು ಹಾಗೆಯೇ ನಿಂತುಬಿಡುತ್ತಿದ್ದೆನಂತೆ. ಕಣ್ಣು ತೆರೆದಿರುತ್ತಿತ್ತು, ಸ್ಪ್ಯಾನರ್ ಹಿಡಿದ ಕೈ ಗಾಳಿಯಲ್ಲಿರುತ್ತಿತ್ತು, ಹೆಂಡತಿ ಕೂಗಿದರೂ ಕೇಳುತ್ತಿರಲಿಲ್ಲ. ಅರ್ಧ ನಿಮಿಷವಾದ ಮೇಲೆ ಏನೂ ಆಗದವನ ಹಾಗೆ ಕೆಲಸ ಮುಂದುವರಿಸುತ್ತಿದ್ದೆ. ಆ ಅರ್ಧ ನಿಮಿಷ ನನ್ನ ಲೆಕ್ಕದಲ್ಲೇ ಇರುತ್ತಿರಲಿಲ್ಲ. ಡಾಕ್ಟರು ಮಾತ್ರೆ ಬರೆದುಕೊಟ್ಟರು, ಗಾಡಿ ಓಡಿಸಬೇಡಿ ಎಂದರು. ಸುದ್ದಿ ಹರಡಲು ಎಷ್ಟು ಹೊತ್ತು? ಟ್ಯಾಕ್ಸಿಯವರು ಒಬ್ಬೊಬ್ಬರಾಗಿ ಬೇರೆ ಶೆಡ್ ಹುಡುಕಿಕೊಂಡರು. ತಲೆ ಸರಿಯಿಲ್ಲದವನು ಬ್ರೇಕ್ ಬಿಚ್ಚಿ ಸರಿಯಾಗಿ ಹಾಕುತ್ತಾನಾ ಎಂಬುದು ಅವರ ಪ್ರಶ್ನೆ. ನನ್ನೆದುರು ಯಾರೂ ಕೇಳಲಿಲ್ಲ.

ಓಡಿಸುವುದು ಹೋದರೆ ಹೋಗಲಿ, ಕೈಯ ಕೆಲಸ ಉಳಿದರೆ ಸಾಕು ಎನ್ನಿಸುತ್ತಿತ್ತು ನನಗೆ. ನನ್ನ ಕೈ ಇನ್ನೂ ನಂಬಿಕೆಗೆ ಯೋಗ್ಯ ಎಂದು ಯಾರಾದರೂ ಒಬ್ಬ ಹೇಳಬೇಕಿತ್ತು.

ಆ ಒಬ್ಬ ಹೊಸಕೋಟೆಯಿಂದ ಬಂದ. ಲಾರಿ ಇಟ್ಟುಕೊಂಡ ಮನೆತನದ ಹುಡುಗ, ಮೂವತ್ತರ ಒಳಗೆ. ಏರ್‌ಪೋರ್ಟ್ ರಸ್ತೆಯಲ್ಲಿ ನನ್ನ ಕಾರು ನೋಡಿ ಮನಸೋತಿದ್ದ. ಕೊನೆಗೂ ನಾನು ಅದನ್ನು ಮಾರಲು ಒಪ್ಪಿದ ಸುದ್ದಿ ಕೇಳಿ ಒಂದು ಭಾನುವಾರ ಬಂದ. ಬಾನೆಟ್ ಎತ್ತಿ ನೋಡಿದ, ಓಡಿಸಿ ನೋಡಿದ, ಇಳಿದವನು ನನ್ನ ಎರಡೂ ಕೈ ಹಿಡಿದುಕೊಂಡ.

"ಅಣ್ಣ, ನಿನ್ ಕಾಯಿಲೆ ವಿಷ್ಯ ಕೇಳಿದೀನಿ. ತಲೆ ಕೆಡಿಸ್ಕೋಬೇಡ. ನನ್ ಫ್ರೆಂಡ್ಸು ಮೂರು ಜನ ಇದಾರೆ, ಗಾಡಿ ಕಟ್ಟಿಸ್ಬೇಕು ಅಂತಿದಾರೆ. ಇದು ಚೆನ್ನಾಗಿ ಓಡಿದ್ರೆ ಅವೆಲ್ಲ ನಿನ್ ಶೆಡ್ಡಿಗೇ ಬರೋದು. ನೀನು ಓಡಿಸೋದೇ ಬೇಡ, ಕಟ್ಕೊಡು ಸಾಕು."

ಕಾರು ಕಳೆದುಕೊಳ್ಳುವ ಸಂಕಟದ ನಡುವೆಯೂ ನನಗೆ ಜೀವ ಬಂದ ಹಾಗಾಯಿತು. ಬುಧವಾರ ಒಯ್ಯುವುದೆಂದು ಮಾತಾಯಿತು.

ಮಂಗಳವಾರ ಸಂಜೆ ಟಾರ್ಚ್ ಹಿಡಿದು ಎಲ್ಲವನ್ನೂ ಒಂದು ಸಲ ನೋಡಿದೆ. ಎಣ್ಣೆ, ನೀರು, ಬೆಲ್ಟು, ಕ್ಲಿಪ್ಪು. ಎಲ್ಲ ಸರಿಯಿತ್ತು. ಬೆಳಗ್ಗೆ ಹೆಂಡತಿ ಬಾನೆಟ್ಟಿಗೆ ಅರಿಸಿನ ಕುಂಕುಮ ಹಚ್ಚಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಅಪ್ಪ ಬಿಳಿ ಪಂಚೆ ಉಟ್ಟು ಬಂದು ನಿಂತಿದ್ದ. ಹುಡುಗ ಕೀಲಿ ತೆಗೆದುಕೊಂಡು ಹತ್ತುವ ಮುಂಚೆ, "ಒಂದ್ಸಲ ಬಾನೆಟ್ ಎತ್ತಿ ನೋಡ್ಲಾಣ್ಣ?" ಎಂದ.

ಸುಮ್ಮನೆ ಆಸೆಗೆ ಕೇಳಿದ್ದು ಅವನು, ಅನುಮಾನಕ್ಕಲ್ಲ. ನನ್ನ ಹಾಳು ಸಿಟ್ಟು ಅಲ್ಲೇ ಎದ್ದಿತು.

"ಭಾನುವಾರ ನೋಡಿದ್ಯಲ್ಲ? ಫಿಟ್ಸ್ ಬರೋನು ಏನೋ ಬಿಟ್ಟಿರ್ತಾನೆ ಅಂತಲೇನೋ?"

"ಅಯ್ಯಯ್ಯೋ, ಹಂಗಲ್ಲಣ್ಣ," ಎಂದು ನಾಚಿಕೊಂಡು ಹತ್ತಿ ಕೂತ. ನಿಂಬೆಹಣ್ಣು ಚಪ್ಪಟೆಯಾದವು. ಕಾರು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತ ನಿಂತೆ, ಆಮೇಲೆ ಶೆಡ್ಡಿನೊಳಗೆ ಹೋಗಿ ಅತ್ತೆ.

ಶುಕ್ರವಾರ ಮಧ್ಯಾಹ್ನ ಹುಡುಗನ ಮನೆಯಿಂದ ಫೋನು ಬಂತು. ಎರಡು ದಿನ ಊರೊಳಗೆ ಮೆಲ್ಲಗೆ ಓಡಿಸಿದ್ದಾನೆ. ಆವತ್ತು ತಂಗಿಯನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗಿ, ಮೊದಲ ಸಲ ಪೂರ್ತಿ ಒತ್ತಿದ್ದಾನೆ. ಎಂಜಿನ್ ಒಡೆದು, ಎಣ್ಣೆ ಹಿಂದಿನ ಚಕ್ರಕ್ಕೆ ಚೆಲ್ಲಿ, ಕಾರು ಜಾರಿ ಡಿವೈಡರಿಗೆ ಬಡಿದಿದೆ. ತಂಗಿಯ ಮಣಿಕಟ್ಟು ಮುರಿದಿದೆ.

ನಾನೂ ಹೆಂಡತಿಯೂ ಬಸ್ಸು ಹತ್ತಿ ಹೊಸಕೋಟೆಗೆ ಹೋದೆವು. ಅವರ ಲಾರಿ ನಿಲ್ಲುವ ಜಾಗದಲ್ಲಿ ಜಪಾನು ನಿಂತಿತ್ತು. ಎಂಜಿನ್ನಿನ ಪಕ್ಕೆಯಲ್ಲಿ ಮುಷ್ಟಿ ತೂರುವಷ್ಟು ತೂತು. ಹುಡುಗ ಬೆರಳು ತೋರಿಸಿದ. ಕೆಂಪು ಪೈಪು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಹರಿದುಹೋಗಿದ್ದರೆ ಒಂದು ತುಂಡಾದರೂ ಉಳಿಯುತ್ತಿತ್ತು, ಕಳಚಿದ್ದರೆ ಒಂದು ತುದಿಯಾದರೂ ನೇತಾಡುತ್ತಿತ್ತು. ಎರಡೂ ತುದಿ ಖಾಲಿ, ಒರೆಸಿಟ್ಟ ಹಾಗೆ.

"ಹಾಕೇ ಇಲ್ಲ ನೀವು," ಎಂದ. ಅಣ್ಣ ಎನ್ನಲಿಲ್ಲ.

ಮಂಗಳವಾರ ಸಂಜೆ ಆ ಪೈಪನ್ನು ಮುಟ್ಟಿ ನೋಡಿದ ನೆನಪು ನನಗಿತ್ತು. ಆದರೆ ನನ್ನ ನೆನಪನ್ನು ನಾನು ಹೇಗೆ ನಂಬಲಿ? ಒರೆಸಲೆಂದು ಬಿಚ್ಚಿರಬೇಕು, ಆ ಅರ್ಧ ನಿಮಿಷ ಬಂದಿರಬೇಕು, ಆಮೇಲೆ ಹಾಕದೆ ಬಾನೆಟ್ ಮುಚ್ಚಿರಬೇಕು. ಬೇರೆ ದಾರಿಯೇ ಕಾಣಲಿಲ್ಲ.

"ನಾನೇ ಮರೆತಿರ್ಬೇಕು," ಎಂದೆ.

ಅವನು ಕೂಗಾಡಲಿಲ್ಲ, ನಷ್ಟ ಕೇಳಲಿಲ್ಲ. "ಇನ್ಮೇಲೆ ಯಾರ ಗಾಡಿನೂ ಮುಟ್ಬೇಡಿ," ಎಂದಷ್ಟೇ ಹೇಳಿದ. "ಇವತ್ತು ಕೈ ಮುರೀತು. ನಾಳೆ ಯಾರಾದ್ರೂ ಸತ್ರೆ ಏನ್ ಮಾಡ್ತೀರ?"

ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ ನನ್ನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಮರುದಿನ ಶೆಡ್ಡಿಗೆ ಬೀಗ ಹಾಕಿ ಕೀಲಿಯನ್ನು ಗೂಡಿನಲ್ಲಿಟ್ಟೆ. ನಾಲ್ಕು ತಿಂಗಳು ಮೂಲೆ ಹಿಡಿದು ಮಲಗಿದ್ದೆ. ಆ ವರ್ಷ ಸಂಕ್ರಾಂತಿ ಬಂದು ಹೋದದ್ದೂ ನನಗೆ ಗೊತ್ತಿಲ್ಲ. ಅಪ್ಪನಿಗೆ ಕಾರು ಒಡೆದ ಸುದ್ದಿ ಹೆಂಡತಿ ಹೇಳಿದಳು. "ಎರ್‍ರಾಬಿರ್‍ರಿ ಓಡಿಸಿರ್ತಾನೆ ಬುಡು," ಎಂದ. ಪೈಪಿನ ಮಾತನ್ನು ಅವನಿಗೆ ಹೇಳಬೇಡ ಎಂದು ಅವಳಿಗೆ ತಾಕೀತು ಮಾಡಿದ್ದೆ. ಮಗ ಇಷ್ಟು ಕೆಟ್ಟುಹೋದ ಎಂದು ಅಪ್ಪನ ಕಿವಿಗೆ ಬೀಳುವುದು ನನಗೆ ಬೇಡವಾಗಿತ್ತು.

ಆಮೇಲೆ ದಾಬಸ್‌ಪೇಟೆಯ ಒಂದು ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಗೇಟಿನಲ್ಲಿ ಕೂತು, ಬರುವ ಲಾರಿಗಳಿಗೆ ಚೀಟಿ ಕೊಡುವುದು, ಹೋಗುವ ಲಾರಿಗಳಿಂದ ಚೀಟಿ ಇಸಿದುಕೊಳ್ಳುವುದು. ದೊಡ್ಡಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಹೋಗಬೇಕು. ಎಂಜಿನ್ನಿನ ಸದ್ದು ಕೇಳಿಯೇ ಯಾವ ಲಾರಿಗೆ ಏನಾಗಿದೆ ಎಂದು ತಿಳಿಯುತ್ತಿತ್ತು. ತುಟಿ ಬಿಚ್ಚುತ್ತಿರಲಿಲ್ಲ. ಮಾತ್ರೆ ಹಿಡಿದು, ಫಿಟ್ಸ್ ನಿಂತಿತ್ತು. ಆದರೂ ಮನೆಯಲ್ಲಿ ಗ್ಯಾಸಿನ ಸಿಲಿಂಡರ್ ಬದಲಾಯಿಸಲೂ ನಾನು ಹಿಂಜರಿಯುತ್ತಿದ್ದೆ, ಹೆಂಡತಿಯೇ ಮಾಡುತ್ತಿದ್ದಳು. ನನ್ನ ಕೈ ಕಂಡರೆ ನನಗೇ ಭಯವಾಗುತ್ತಿತ್ತು.

ಹಾಗೆ ಹದಿನೈದು ತಿಂಗಳು ಕಳೆದವು. ಮತ್ತೆ ಸಂಕ್ರಾಂತಿ ಬಂತು.

ಸಂಕ್ರಾಂತಿ ದನಗಳ ಹಬ್ಬ. ನಮ್ಮಲ್ಲಿ ದನಗಳೇ ಇರಲಿಲ್ಲ. ಅಪ್ಪ ಮಾತ್ರ ಪ್ರತಿ ವರ್ಷ ಆ ಬೆಳಗ್ಗೆ ಗೂಟದಲ್ಲಿದ್ದ ಹಗ್ಗಗಳನ್ನು ಇಳಿಸಿ, ಅರಿಸಿನದ ನೀರಲ್ಲಿ ಅದ್ದಿ, ಅಂಗಳದಲ್ಲಿ ಸಾಲಾಗಿ ಇಟ್ಟು ಪೂಜೆ ಮಾಡುತ್ತಿದ್ದ. ಆ ಸಲವೂ ಗೂಡಿನ ಕೀಲಿ ತೆಗೆದುಕೊಂಡು ಹೋಗಿ ಹಗ್ಗ ತಂದ. ನಾನು ರಜೆಯ ಮೇಲಿದ್ದೆ, ಜಗಲಿಯಲ್ಲಿ ಕೂತು ಹಲ್ಲುಜ್ಜುತ್ತಿದ್ದೆ. ಸಾಲಿನ ಕೊನೆಯಲ್ಲಿ ಕೆಂಪಗೆ ಏನೋ ಕಂಡಿತು.

ಹತ್ತಿರ ಹೋದೆ. ನನ್ನ ಪೈಪು. ನಡುವೆ ಒಂದು ಕುಂಕುಮದ ಬೊಟ್ಟು.

"ಇದೆಲ್ಲಿತ್ತಪ್ಪಾ?" ಎಂದೆ.

"ಜಪಾನಿಂದು ಕಣ್ಲಾ," ಎಂದ ಅಪ್ಪ. ಅವನ ಮುಖದಲ್ಲಿ ಹೆಮ್ಮೆಯಿತ್ತು. "ಆ ಹೊಸಕೋಟೆ ಹುಡ್ಗ ಗಾಡಿ ತಗಂಡೋಗಕೆ ಬಂದ್ನಲ್ಲ, ಆವತ್ತು ಬೆಳಗ್ಗೆ ನೀನು ಸ್ನಾನಕ್ಕೆ ಹೋದಾಗ ಬಿಚ್ಕಂಡೆ. ನೀನು ಬಿಚ್ಚೋದ ನೋಡಿದ್ನಲ್ಲ, ಏನೂ ಕಷ್ಟ ಆಗ್ಲಿಲ್ಲ. ನಾಲ್ಕು ವರ್ಷ ನಮ್ಮ ಕೊಟ್ಟಿಗೇಲಿದ್ದಿದ್ದು, ಹಗ್ಗ ಸಮೇತ ಕಳ್ಸಕಾಯ್ತದಾ? ಅವತ್ತಿಂದ ಒಂದ್ಸಲನಾದ್ರೂ ಬಂತಾ ನಿಂಗೆ ಕಾಯ್ಲೆ? ನೀನು ಆ ಮಾತ್ರೆಯಿಂದ ಅನ್ಕಂಡಿದೀಯ. ಇದ್ನ ಕೊಟ್ಟಿದ್ರೆ ಮನೆ ಜೀವವೇ ಹೊರಟೋಗದು."

"ಅದಿಲ್ದೆ ಗಾಡಿ ಒಡೆಯುತ್ತೆ ಅಂತ ಗೊತ್ತಿರ್ಲಿಲ್ವಾ ನಿಂಗೆ?"

ಅಪ್ಪ ನನ್ನನ್ನೇ ನೋಡಿದ. "ಯಾಕೆ? ತಗೊಂಡೋನು ಅವನ ಹಗ್ಗ ತರ್ಲಿಲ್ವಾ?"

ನಾನು ಆಗ ಏನೇನು ಕಿರುಚಿದೆನೋ ಪೂರ್ತಿ ನೆನಪಿಲ್ಲ, ನೆನಪಿರುವಷ್ಟನ್ನೂ ಬರೆಯಲು ನಾಚಿಕೆಯಾಗುತ್ತದೆ. ನನ್ನ ಬಾಳು ಹಾಳು ಮಾಡಿದೆ ಎಂದೆ. ಹದಿನೈದು ತಿಂಗಳು ನನ್ನ ತಲೆಯೇ ಕೆಟ್ಟಿದೆ ಅಂತ ಬದುಕಿದೆ, ಊರೆಲ್ಲ ಹುಚ್ಚ ಅನ್ನೋ ಹಂಗೆ ಮಾಡಿದೆ, ಒಂದು ಹೆಣ್ಣುಮಗಳ ಕೈ ಮುರಿಸಿದೆ ಎಂದೆ. ಹೆಂಡತಿ ಓಡಿಬಂದು ನನ್ನ ಬಾಯಿ ಮುಚ್ಚಿದಳು. "ಎಲ್ಲಾರು ನೋಡ್ತಾವ್ರೆ, ಸುಮ್ಕಿರಿ," ಎಂದಳು. ಅವಳನ್ನೂ ತಳ್ಳಿದೆ.

ಒಳಗೊಳಗೇ ನನಗೆ ಖುಷಿಯೂ ಆಗಿತ್ತು, ಅದನ್ನೂ ಹೇಳಬೇಕು. ನಾನು ಮರೆತಿರಲಿಲ್ಲ. ಮಂಗಳವಾರ ಸಂಜೆ ನನ್ನ ಬೆರಳು ಅದನ್ನು ಮುಟ್ಟಿದ್ದು ನಿಜ. ಹಿತ್ತಿಲಿಗೆ ಹೋಗಿ ನನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡೆ.

ಅಪ್ಪ ಆವತ್ತು ಹಬ್ಬದ ಊಟ ಮುಟ್ಟಲಿಲ್ಲ. ಮರುದಿನ ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ ಅವನು ಮನೆಯಲ್ಲಿರಲಿಲ್ಲ. ಸಂಜೆ ಬಂದಾಗ ಜಗಲಿಯಲ್ಲಿ ಕೂತಿದ್ದ, ಬಿಳಿ ಅಂಗಿ, ಕಾಲೆಲ್ಲ ಧೂಳು.

"ಹೊಸ್ಕೋಟೆಗೆ ಹೋಗಿದ್ದೆ," ಎಂದ. "ಲಾರಿಯೋರ ಮನೆ ಅಂತ ಕೇಳ್ಕಂಡು ಹೋದೆ. ಹಗ್ಗಾನ ಆ ಹುಡ್ಗನ ಕೈಗೇ ಕೊಟ್ಟೆ. ನಂದೇ ತಪ್ಪು, ನನ್ ಮಗ ಏನೂ ಮರ್ತಿಲ್ಲ ಅಂದೆ. ಕೈ ಮುರ್ಕಂಡಿದ್ದ ಆ ಮಗೀಗೂ ಕೈ ಮುಗ್ದೆ."

"ಏನಂದ?"

"ಕಾಫಿ ಕೊಡ್ಸಿದ. ಆಯ್ತು ಬುಡಿ ಯಜಮಾನ್ರೇ ಅಂದ. ಬಸ್ಟ್ಯಾಂಡಿಗೆ ಬಿಟ್ಟು ಹೋದ."

ನನ್ನ ಎದೆ ಹಗುರಾಯಿತು. ಅದೇ ಹೊತ್ತಿಗೆ ಫೋನು ಹೊಡೆದುಕೊಂಡಿತು. ಅವನೇ.

"ಏನ್ರೀ ಇದು?" ಎಂದ. ದನಿಯಲ್ಲಿ ಸಿಟ್ಟಿಗಿಂತ ಬೇಸರವಿತ್ತು. "ಕೆಲಸ ಬೇಕಿದ್ರೆ ನೇರ ಕೇಳ್ಬೇಕಿತ್ತು. ಆ ವಯಸ್ಸಾದೋರ ಕೈಗೆ ಒಂದು ಪೈಪ್ ಕೊಟ್ಟು, ದನದ ಹಗ್ಗ ಅಂತ ಕಥೆ ಹೇಳ್ಸೋದಾ? ಆವತ್ತು ಮರ್ತಿದ್ದೆ ಅಂತ ಒಪ್ಕೊಂಡಿದ್ರಿ, ನಿಮ್ ಮೇಲೆ ಗೌರವ ಇತ್ತು ನಂಗೆ."

ಅಪ್ಪ ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದ. ನಾನು ಫೋನಿಟ್ಟೆ.

"ಅವ್ನೇನಾ? ಏನಂತೆ?"

"ಹೂಂ. ಗೊತ್ತಾಯ್ತಂತೆ," ಎಂದೆ.

ಅಪ್ಪ ತಲೆಯಾಡಿಸಿದ. ಆದರೆ ಅಂದಿನಿಂದ ಅವನು ಬೇರೆಯೇ ಮನುಷ್ಯನಾದ. ಹಗ್ಗವನ್ನು ತಾನೇ ಕೈಯಾರೆ ಕೊಟ್ಟು ಬಂದಿದ್ದನಲ್ಲ, ಇನ್ನು ಮನೆಗೆ ಏನು ಕಾದಿದೆಯೋ ಎಂಬ ಭಯ ಅವನನ್ನು ಹಿಡಿಯಿತು. ನಾನು ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ಬಂದು ನಿಲ್ಲುತ್ತಿದ್ದ. "ಅಗಳಿ ಹಾಕ್ಬೇಡ ಕಣ್ಲಾ," ಎನ್ನುತ್ತಿದ್ದ. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದರೂ ಎದುರಿಗೆ ಬಂದು ಮುಖ ನೋಡುತ್ತಿದ್ದ. ನಂಬದ ಮಾತ್ರೆಯನ್ನು ಈಗ ಅವನೇ ನೀರಿನ ಲೋಟದ ಜೊತೆ ತಂದು ಕೊಡುತ್ತಿದ್ದ. ಊಟ ಇಳಿಯುತ್ತಿರಲಿಲ್ಲ. ಹದಿನೈದು ದಿನದಲ್ಲಿ ಅಂಗಿ ಹೆಗಲಿನಿಂದ ಜಾರುವಷ್ಟು ಸೊರಗಿದ.

ಒಂದು ಬೆಳಗ್ಗೆ ನನಗೆ ಫಿಟ್ಸ್ ಬಂತು. ಹಿಂದಿನ ಎರಡು ದಿನ ಗೋದಾಮಿನಲ್ಲಿ ನಿದ್ದೆಗೆಟ್ಟು ದುಡಿದಿದ್ದೆ, ಕಾರಣ ಅದೇ ಎಂದು ಡಾಕ್ಟರು ಆಮೇಲೆ ಹೇಳಿದರು. ನನಗೆ ಅರಿವು ಬಂದಾಗ ಅಂಗಳದಲ್ಲಿ ಅಪ್ಪನ ತೊಡೆಯ ಮೇಲೆ ನನ್ನ ತಲೆಯಿತ್ತು. ಅವನು ತನ್ನ ಎದೆಗೆ ತಾನೇ ಗುದ್ದಿಕೊಳ್ಳುತ್ತಿದ್ದ.

"ಕೊಟ್ಬಿಟ್ನಲ್ಲೋ ಮಗನೇ! ಕೊಡ್ಬಾರ್ದಾಗಿತ್ತು, ಕೊಟ್ಬಿಟ್ನಲ್ಲೋ!"

ಅವನನ್ನು ಸಮಾಧಾನ ಮಾಡಲು ಯಾರಿಂದಲೂ ಆಗಲಿಲ್ಲ. ಶೆಡ್ಡಿನಲ್ಲಿ ಅದೇ ಕೆಂಪು ಪೈಪಿನ ಸುರುಳಿಯಿತ್ತು, ಒಂದು ತುಂಡು ಕತ್ತರಿಸಿ ತಂದೆ. ಅಪ್ಪ ಅದನ್ನು ಮುಟ್ಟಲೂ ಇಲ್ಲ. "ಯಾವ್ದೋ ದಾರ ತಂದ್ರಾಯ್ತಾ? ಇಸ್ಕಂಡೋನು ತಾನಾಗಿ ವಾಪಸ್ ಕೊಡ್ಬೇಕು," ಎಂದ. ಹೊಸಕೋಟೆಗೆ ಮತ್ತೆ ಹೋಗಿ ಕೇಳಲು ಅವನಿಗೆ ಮುಖವಿರಲಿಲ್ಲ. ಕೊಟ್ಟದ್ದನ್ನು ಬೇಡಬಾರದಂತೆ.

ನಾಲ್ಕು ದಿನ ಯೋಚಿಸಿದೆ. ಐದನೆಯ ದಿನ ಹಿತ್ತಿಲಿಗೆ ಹೋಗಿ ಹುಡುಗನಿಗೆ ಫೋನು ಮಾಡಿದೆ.

"ಆ ಪೈಪು ಇದ್ಯಾ ಇನ್ನೂ?"

"ಇಲ್ಲೇ ಎಲ್ಲೋ ಬಿದ್ದಿರ್ಬೇಕು. ಯಾಕೆ?"

"ನೀನೇ ಬಂದು ನಮ್ಮಪ್ಪನ ಕೈಗೆ ವಾಪಸ್ ಕೊಡ್ಬೇಕು. ಅವನು ಊಟ ಬಿಟ್ಟಿದಾನೆ."

"ಇದೇನ್ ಹೊಸ ನಾಟ್ಕ?" ಎಂದ. ಆಮೇಲೆ, "ಬರ್ತೀನಿ. ಆದ್ರೆ ಒಂದು ನಿಜ ಹೇಳ್ಬೇಕು. ಆವತ್ತು ಅವರ್ನ ಕಳ್ಸಿದ್ದು ನೀವೇ ತಾನೇ?"

ನನ್ನ ಸಿಟ್ಟು ಎದ್ದಿತ್ತು. ನಡೆದದ್ದನ್ನು ಮೊದಲಿನಿಂದ ಹೇಳಬಹುದಿತ್ತು. ಅವನು ನಂಬುತ್ತಿರಲಿಲ್ಲ, ಬರುತ್ತಲೂ ಇರಲಿಲ್ಲ.

"ಹೌದು, ನಾನೇ ಕಳ್ಸಿದ್ದು," ಎಂದೆ.

"ಪೈಪ್ ಮರ್ತಿದ್ದೂ ನೀವೇ."

"ನಾನೇ."

ಭಾನುವಾರ ಹೇಳಿದ ಹೊತ್ತಿಗೆ ಬಂದ. ಒಳ್ಳೆಯ ಮನೆಯ ಹುಡುಗ, ಕೈಯಲ್ಲಿ ಬಾಳೆಹಣ್ಣು ಹಿಡಿದು ಬಂದಿದ್ದ. ಅಪ್ಪನ ಮುಂದೆ ಬಗ್ಗಿ, "ಇದು ನಿಮ್ಮನೇಲೇ ಇರ್ಲಿ ಯಜಮಾನ್ರೇ, ನಂಗೆ ಬೇಡ," ಎಂದು ಪೈಪು ಕೊಟ್ಟ. ಅಪ್ಪ ಟವೆಲ್ಲಿನಲ್ಲಿ ಅದನ್ನು ಇಸಿದುಕೊಂಡು ಕಣ್ಣಿಗೊತ್ತಿಕೊಂಡ.

ಹೆಂಡತಿ ಕೊಟ್ಟ ಕಾಫಿ ಕುಡಿದು ಹುಡುಗ ಹೊರಟ. ಗೇಟಿನವರೆಗೆ ಹೋದೆ. ಅವನು ನನ್ನ ಮುಖ ನೋಡದೆ, "ಆ ಹಿರಿಯರನ್ನ ಇನ್ನೊಂದ್ಸಲ ಇಂಥದ್ದಕ್ಕೆ ಎಳೀಬೇಡಿ," ಎಂದ.

"ಇಲ್ಲ," ಎಂದೆ.

ನಾನು ವಾಪಸು ಬಂದಾಗ ಅಪ್ಪ ಕೊಟ್ಟಿಗೆಯೊಳಗೆ ಹಗ್ಗಗಳ ಜೊತೆ ಪೈಪನ್ನು ಗೂಟಕ್ಕೆ ಹಾಕುತ್ತಿದ್ದ. ಎಷ್ಟೋ ದಿನದ ಮೇಲೆ ಹೆಂಡತಿಯನ್ನು ಕರೆದು ಹಸಿವಾಗುತ್ತಿದೆ ಎಂದ. ಆಮೇಲೆ ನನ್ನ ಕಡೆ ತಿರುಗಿದ.

"ಚಿನ್ನದಂಥ ಹುಡ್ಗ ಕಣ್ಲಾ. ನಾನು ಹೋಗಿ ನಿಜ ಹೇಳಿದ್ದು ಒಳ್ಳೇದೇ ಆಯ್ತು. ನಿನ್ ಮೇಲೆ ನಂಬಿಕೆ ಇಲ್ದಿದ್ರೆ ಅಷ್ಟು ದೂರದಿಂದ ಬರ್ತಿದ್ನಾ? ಶೆಡ್ ಯಾವಾಗ ತೆಗೀತೀಯ?"

"ತೆಗೀತೀನಿ ಬಿಡಪ್ಪಾ, ಮೊದ್ಲು ಊಟ ಮಾಡು," ಎಂದೆ.